ಹತ್ತು ಮೀಟರ್ ಆಚೆಯ ಚುಕ್ಕೆ

ರವಿವಾರ ಮುಂಜಾನೆ ಎಂಟು ಗಂಟೆಗೆ ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿದೆವು. ನಾನು ಮತ್ತು ನನ್ನ ತಂಗಿಯ ಮಗಳು. ಶ್ರಾವಣದ ಜಿಟಿಜಿಟಿ ಮಳೆ. ನವಲೂರು ದಾಟುವಾಗ ರಸ್ತೆ ಬದಿಯಲ್ಲಿ ಪೇರಲ ಹಣ್ಣಿನ ಬುಟ್ಟಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕೂತಿದ್ದರು. ಹುಡುಗಿಯ ಕಾಲ ಬಳಿ ಒಂದು ದೊಡ್ಡ ಬ್ಯಾಗು. ಅದರೊಳಗೆ ದಪ್ಪ ಕ್ಯಾನ್ವಾಸಿನ ಜಾಕೆಟ್ಟು, ಅಂಥದೇ ಪ್ಯಾಂಟು, ಚಪ್ಪಟೆ ಅಡಿಯ ಬೂಟು, ಎಡಗೈಗೆ ಹಾಕುವ ಒಂದು ಕೈಗವಸು. ಬಂದೂಕು ಅದರಲ್ಲಿಲ್ಲ. ಅದು ರೇಂಜ್‌ನಲ್ಲೇ ಇರುತ್ತದೆ.

ಅವಳಿಗೆ ಹದಿನೈದು ವರ್ಷ. ಪ್ಯಾರಿಸ್ ಒಲಿಂಪಿಕ್ಸ್ ಮುಗಿದ ಮೇಲೆ ಹಠ ಹಿಡಿದು ಹುಬ್ಬಳ್ಳಿಯಲ್ಲಿ ಏರ್ ರೈಫಲ್ ಕಲಿಯಲು ಸೇರಿದಳು. ಪ್ರತಿ ವಾರ ಕರೆದುಕೊಂಡು ಹೋಗುವುದು ಅವಳಪ್ಪ. ಆ ವಾರ ಅವರು ಹೊಲದಲ್ಲಿ ಎಡೆ ಹೊಡೆಸಲು ಊರಿಗೆ ಹೋಗಿದ್ದರು. ಹಾಗಾಗಿ ನಾನು ಹೊರಟೆ. ಸುಮ್ನೆ ಜೊತೆಗೆ ಹೋಗಿ ಕೂತು ಬರುವುದು ಅಂತ ನನ್ನ ಲೆಕ್ಕ. ಓದಲು ಒಂದು ವಾರಪತ್ರಿಕೆಯನ್ನೂ ಇಟ್ಟುಕೊಂಡಿದ್ದೆ. ಅದನ್ನು ತೆರೆಯಲೇ ಇಲ್ಲ.

ರೇಂಜ್ ಅಂದರೆ ನನ್ನ ಕಲ್ಪನೆಯಲ್ಲಿ ಬಯಲು, ಮಣ್ಣಿನ ದಿಬ್ಬ, ಢಂ ಢಂ ಸದ್ದು. ಇದು ಹಾಗಿರಲಿಲ್ಲ. ಉದ್ದನೆಯ ಒಂದು ಹಾಲ್. ಈ ಕಡೆ ನೆಲದ ಮೇಲೆ ಒಂದು ಗೆರೆ. ಗೆರೆಯ ಹಿಂದೆ ಎಂಟು ಮೇಜು. ಸರಿಯಾಗಿ 10 ಮೀಟರ್ ಆಚೆ, ಜೋರು ಬೆಳಕಿನಲ್ಲಿ, ಎಂಟು ಚಿಕ್ಕ ಕಾರ್ಡು. ಮೇಜಿನ ಬಳಿ ಒಂದು ಸ್ವಿಚ್. ಒತ್ತಿದರೆ ಕಾರ್ಡು ದಾರದ ಮೇಲೆ ಓಡಿಕೊಂಡು ನಿಮ್ಮ ಹತ್ತಿರ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ವಾಪಸ್ ಹೋಗುತ್ತದೆ. ಒಳಗೆ ಎಲ್ಲರೂ ಪಿಸುಮಾತು. ನಡುನಡುವೆ 'ಠಪ್' ಅಂತ ಒಂದು ಸದ್ದು, ಕುಕ್ಕರಿನ ಸೀಟಿ ಬರುವ ಮೊದಲು ಮುಚ್ಚಳ ಮಿಡುಕುತ್ತದಲ್ಲ, ಅಷ್ಟೇ ಸಣ್ಣದು. ಗಾಳಿಯ ಒತ್ತಡದಿಂದ ಹಾರುವ ಸೀಸದ ಪೆಲೆಟ್. ಬಂದೂಕಿನ ಕೊಳವೆಯ ಕೆಳಗೆ ಇನ್ನೊಂದು ದಪ್ಪ ಕೊಳವೆ ಇರುತ್ತದೆ, ಅದರಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿರುತ್ತಾರೆ. ಕಾರಿನ ಟೈರಿನಲ್ಲಿ ಇರುವುದು ಎರಡು ಎರಡೂವರೆ ಬಾರ್. ಹೋಲಿಸಿ ನೋಡಿ.

ಒಳಗೆ ಕಾಲಿಟ್ಟ ಕೂಡಲೇ ಕೋಚ್ ಸರ್ ನನ್ನನ್ನು ನಿಲ್ಲಿಸಿ ನಿಯಮ ಹೇಳಿದರು. ನೋಡಲು ಬಂದವರಿಗೂ ಹೇಳುತ್ತಾರಂತೆ. ಬಂದೂಕಿನ ಬಾಯಿ ಯಾವಾಗಲೂ ಕಾರ್ಡಿನ ಕಡೆಗೇ ಇರಬೇಕು. ಹೊಡೆಯುವ ಗಳಿಗೆ ಬರುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಮೇಜಿನ ಮೇಲೆ ಇಟ್ಟ ಬಂದೂಕಿನ ಕೊಳವೆಯೊಳಗೆ ಕೇಸರಿ ಬಣ್ಣದ ಒಂದು ದಾರ ತೂರಿಸಿರಬೇಕು, ಒಳಗೆ ಏನೂ ಇಲ್ಲ ಅಂತ ದೂರದಿಂದಲೇ ಕಾಣಲಿ ಅಂತ. 'ಸ್ಟಾಪ್' ಅಂದರೆ ಸ್ಟಾಪ್. ಎಲ್ಲರ ಬಂದೂಕೂ ಖಾಲಿ ಆಗುವವರೆಗೆ ಯಾರೂ ಗೆರೆ ದಾಟುವ ಹಾಗಿಲ್ಲ. ಅವರು ಇದನ್ನೆಲ್ಲ ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಡ್ರಿ ಅನ್ನುವಷ್ಟೇ ಸಹಜವಾಗಿ ಹೇಳಿದರು. ನನಗೆ ಅದು ಬಹಳ ಇಷ್ಟವಾಯಿತು.

ಹುಡುಗಿ ಜಾಕೆಟ್ ತೊಟ್ಟು ಬಂದಳು. ಅದು ಬಟ್ಟೆಯಲ್ಲ, ಹಲಗೆ. ಬಗ್ಗಲು ಬರುವುದಿಲ್ಲ, ಬಾತುಕೋಳಿ ಥರ ನಡೆಯಬೇಕು. ಬೆನ್ನು ಸೋಲದಂತೆ ಅದು ಹಿಡಿದುಕೊಳ್ಳುತ್ತದೆ. ಎಷ್ಟು ದಪ್ಪ ಇರಬೇಕು ಅನ್ನುವುದಕ್ಕೂ ನಿಯಮ ಇದೆ, 2.5 ಮಿಲಿಮೀಟರ್ ಮೀರಬಾರದು. ಅವಳು ಗುರಿಗೆ ಅಡ್ಡಲಾಗಿ ನಿಂತಳು. ಎಡ ಸೊಂಟವನ್ನು ಮುಂದಕ್ಕೆ ತಳ್ಳಿ, ಆ ಸೊಂಟದ ಎಲುಬಿನ ಮೇಲೆ ಎಡ ಮೊಣಕೈ ಊರಿ, ಮುಷ್ಟಿಯ ಮೇಲೆ ಬಂದೂಕು ಕೂರಿಸಿದಳು. ನೀರಿನ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಲ್ಲುತ್ತಾರಲ್ಲ ನಮ್ಮ ಹಳ್ಳಿಯ ಹೆಣ್ಣುಮಕ್ಕಳು, ಥೇಟ್ ಹಾಗೆ. ತೂಕವನ್ನು ಹೊರುವುದು ತೋಳಿನ ಸ್ನಾಯು ಅಲ್ಲ, ಎಲುಬು. ಸ್ನಾಯು ನಡುಗುತ್ತದೆ, ಎಲುಬು ನಡುಗುವುದಿಲ್ಲ.

ಆಮೇಲೆ ಅವಳು ಕಣ್ಣು ಮುಚ್ಚಿದಳು. ನನಗೆ ಆಶ್ಚರ್ಯ. ಎರಡು ಸಲ ಉಸಿರು ಎಳೆದು ಬಿಟ್ಟಳು. ಕಣ್ಣು ತೆರೆದು ನೋಡಿದಳು. ಬಲಗಾಲನ್ನು ಒಂದು ಬೆರಳಿನಷ್ಟು ಹಿಂದೆ ಸರಿಸಿದಳು. ಮತ್ತೆ ಕಣ್ಣು ಮುಚ್ಚಿದಳು. ಯಾಕೆ ಅಂತ ಆಮೇಲೆ ಕೇಳಿದೆ. ಮೈ ಸಡಿಲ ಬಿಟ್ಟಾಗ ಬಂದೂಕು ತಾನಾಗಿ ಎಲ್ಲಿ ನೋಡುತ್ತದೋ ಅದು ಅದರ ಜಾಗ. ಕಾರ್ಡು ಆ ಜಾಗದಲ್ಲಿ ಇಲ್ಲದಿದ್ದರೆ ಬಂದೂಕನ್ನು ಕೈಯಿಂದ ತಿರುಗಿಸಬಾರದು, ಕಾಲು ಸರಿಸಿ ಇಡೀ ಮೈಯನ್ನೇ ತಿರುಗಿಸಬೇಕು. ಕೈಯಿಂದ ತಿರುಗಿಸಿದರೆ ಟ್ರಿಗರ್ ಒತ್ತುವ ಹೊತ್ತಿಗೆ ಕೈ ತನ್ನ ಹಳೇ ಜಾಗಕ್ಕೆ ಹೋಗಲು ನೋಡುತ್ತದೆ.

ಪೆಲೆಟ್ ಹಾಕಿದಳು. ಕೆನ್ನೆಯನ್ನು ಹಿಡಿಕೆಗೆ ಒತ್ತಿದಳು. ಒಂದು, ಎರಡು, ಮೂರು ಸೆಕೆಂಡು. ಈಗ ಹೊಡೆಯುತ್ತಾಳೆ ಅಂತ ನಾನು ಉಸಿರು ಹಿಡಿದೆ. ಅವಳು ಬಂದೂಕು ಇಳಿಸಿದಳು. ಮತ್ತೆ ಏರಿಸಿದಳು, ಮತ್ತೆ ಇಳಿಸಿದಳು. ಹೀಗೆ ಮೂರು ಸಲ. ನಾಲ್ಕನೇ ಸಲ 'ಠಪ್'. ಸದ್ದು ಮುಗಿದ ಮೇಲೂ ಎರಡು ಸೆಕೆಂಡು ಹಾಗೇ ನಿಂತಿದ್ದಳು, ಇನ್ನೂ ಹೊಡೆದೇ ಇಲ್ಲವೇನೋ ಅನ್ನುವಂತೆ.

ಕಾರ್ಡು ಬಂತು. ನಾನು ಅದನ್ನು ಹತ್ತಿರದಿಂದ ನೋಡಿದ್ದು ಆಗಲೇ. ಅಂಗೈಯಗಲದ ಬಿಳಿ ಕಾರ್ಡು. ನಡುವೆ ಕಪ್ಪು ವೃತ್ತ, 30.5 ಮಿಲಿಮೀಟರ್, ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅದರೊಳಗೆ ತೆಳು ಬಿಳಿ ಉಂಗುರಗಳು. ಎಲ್ಲದರ ನಡುವೆ ಒಂದು ಬಿಳಿ ಚುಕ್ಕೆ. ಅದೇ ಹತ್ತು ಅಂಕ. ಅದರ ಅಳತೆ ಅರ್ಧ ಮಿಲಿಮೀಟರ್. ಗಸಗಸೆ ಕಾಳು ಇದಕ್ಕಿಂತ ದೊಡ್ಡದು. ಪೆಲೆಟ್ 4.5 ಮಿಲಿಮೀಟರ್ ಇರುವುದರಿಂದ ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತು ಸಿಗುತ್ತದೆ. ಆದರೂ ಯೋಚಿಸಿ, ಹತ್ತು ಮೀಟರ್ ದೂರದಿಂದ ಆ ಚುಕ್ಕೆ ಬರಿಗಣ್ಣಿಗೆ ಕಾಣುವುದೇ ಇಲ್ಲ. ಕಾಣದ ಚುಕ್ಕೆಗೆ ಹೊಡೆಯಬೇಕು. ಅವಳ ಪೆಲೆಟ್ ಬಿದ್ದ ಮೇಲೆ ಚುಕ್ಕೆಯೇ ಉಳಿದಿರಲಿಲ್ಲ. ಚೊಕ್ಕದಾಗಿ ಕತ್ತರಿಸಿದ ದುಂಡನೆಯ ತೂತು. ಈ ಪೆಲೆಟ್ಟಿನ ತಲೆ ಚಪ್ಪಟೆ ಇರುತ್ತದೆ, ಕಾಗದ ಹರಿಯದೆ ಅಂಚು ಸ್ಪಷ್ಟವಾಗಿ ಕಾಣಲಿ ಅಂತಲೇ.

"ಅಕ್ಕಾರ, ನೀವೂ ಹೊಡಿತೀರೇನ್ರಿ?" ಕೋಚ್ ಸರ್ ಹಿಂದಿನಿಂದ ಕೇಳಿದರು. "ಇವತ್ತು ಎರಡು ಮೇಜು ಖಾಲಿ ಅದಾವ."

ಈ ಪ್ರಶ್ನೆಗೆ ನನ್ನೊಳಗೆ ಎಷ್ಟು ಹಳೆಯ ಉತ್ತರ ಕಾದಿತ್ತು ಅನ್ನುವುದು ಅವರಿಗೆ ಗೊತ್ತಿರಲು ಸಾಧ್ಯವಿಲ್ಲ.

ನಮ್ಮದು ಹಾವೇರಿ ಹತ್ತಿರದ ಒಂದು ಊರು. ಅಜ್ಜನ ಹತ್ತಿರ ಒಂದು ಕೇಪಿನ ಬಂದೂಕಿತ್ತು. ಬೆಳೆ ಕಾಯಲು ಲೈಸೆನ್ಸ್ ಕೊಟ್ಟಿದ್ದರು. ಬಾಯಿಯಿಂದ ಮದ್ದು ಸುರಿದು, ಮೇಲೆ ನಾರಿನ ಉಂಡೆ ತುರುಕಿ, ಗಜ ಅನ್ನುವ ಉದ್ದನೆಯ ಕೋಲಿನಿಂದ ಜಡಿದು, ಹಿಂದೆ ಕೇಪು ಕೂರಿಸಿ ಹೊಡೆಯುವ ಬಂದೂಕು. ಪಡಸಾಲೆಯಲ್ಲಿ ಎರಡು ಗೂಟಕ್ಕೆ ಅಡ್ಡ ತೂಗುಹಾಕಿರುತ್ತಿತ್ತು. ಅಣ್ಣ ಹನ್ನೆರಡು ವರ್ಷದವನಾದಾಗ ಅಜ್ಜ ಅವನ ಕೈಗೆ ಅದನ್ನು ಕೊಟ್ಟು ಹಿಡಿಯುವುದು ಹೇಗೆ ಅಂತ ತೋರಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಕೊಡಲಿಲ್ಲ. "ಹೆಣ್ಮಕ್ಕಳಿಗ್ಯಾಕ ಬಂದೂಕಿನ ಉಸಾಬರಿ?" ಅಂದಳು ಅಜ್ಜಿ. ವರ್ಷಕ್ಕೆ ಒಂದೇ ದಿನ ನಾವು ಹೆಣ್ಣುಮಕ್ಕಳು ಅದನ್ನು ಮುಟ್ಟಬಹುದಿತ್ತು. ಖಂಡೇ ಪೂಜೆಯ ದಿನ. ಕುರುಪಿ, ಕುಡಗೋಲು, ಕುಂಟೆಯ ಜೊತೆಗೆ ಬಂದೂಕನ್ನೂ ತೊಳೆದು ಒರೆಸಿ ಜಮಖಾನದ ಮೇಲೆ ಇಡುತ್ತಿದ್ದರು. ವಿಭೂತಿ, ಕುಂಕುಮ ಹಚ್ಚುವ ಕೆಲಸ ನನ್ನದು. ಕಬ್ಬಿಣ ತಣ್ಣಗಿರುತ್ತಿತ್ತು. ಕಟ್ಟಿಗೆಯ ಭಾಗ ಅಜ್ಜನ ಕೆನ್ನೆ ತಾಗಿ ತಾಗಿ ನುಣ್ಣಗಾಗಿತ್ತು. ಆ ನುಣುಪಿನ ಮೇಲೆ ಬೆರಳು ಬೇಕಂತಲೇ ಸ್ವಲ್ಪ ಜಾಸ್ತಿ ಹೊತ್ತು ಇಡುತ್ತಿದ್ದೆ.

ಧಾರವಾಡಕ್ಕೆ ಕಾಲೇಜಿಗೆ ಬಂದಾಗ ಎನ್‌ಸಿಸಿಗೆ ಹೆಸರು ಕೊಟ್ಟೆ. ಅಲ್ಲಿ ಪಾಯಿಂಟ್ ಟೂ ಟೂ ರೈಫಲ್‌ನಿಂದ ಫೈರಿಂಗ್ ಮಾಡಿಸುತ್ತಾರೆ ಅಂತ ಕೇಳಿದ್ದೆ. ಅಪ್ಪನಿಗೆ ಗೊತ್ತಾಗಿ ಹೆಸರು ತೆಗೆಸಿದರು. ಆ ದಿನ ನಾನು ಹಾಸ್ಟೆಲ್‌ನಲ್ಲಿ ಊಟ ಮಾಡಲಿಲ್ಲ. ಅಪ್ಪನ ಮೇಲೆ ಈಗ ಸಿಟ್ಟಿಲ್ಲ, ಆದರೆ ಆ ನೋವು ಸುಳ್ಳಲ್ಲ. ಶೂಟಿಂಗ್ ಲೋಕದಲ್ಲೂ ಹೆಣ್ಣುಮಕ್ಕಳಿಗೆ ದಾರಿ ಸಲೀಸಾಗಿರಲಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಗಂಡಸರ ಜೊತೆಗೇ ನಿಂತು ಅಮೆರಿಕದ ಮಾರ್ಗರೆಟ್ ಮರ್ಡಾಕ್ ರೈಫಲ್‌ನಲ್ಲಿ ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಲ್ಯಾನಿ ಬಾಷಮ್ ಮತ್ತು ಅವರ ಅಂಕ ಸಮನಾಗಿತ್ತು. ಪದಕ ಕೊಡುವಾಗ ಬಾಷಮ್ ಆಕೆಯನ್ನು ತಮ್ಮ ಮೆಟ್ಟಿಲ ಮೇಲೆಯೇ ಹತ್ತಿಸಿಕೊಂಡರು. ಇತ್ತೀಚಿನವರೆಗೂ 10 ಮೀಟರ್ ಏರ್ ರೈಫಲ್‌ನಲ್ಲಿ ಗಂಡಸರಿಗೆ 60 ಗುಂಡು, ಹೆಂಗಸರಿಗೆ 40. ಇಬ್ಬರಿಗೂ 60 ಮಾಡಿದ್ದು 2018ರಲ್ಲಿ. ತಂಗಿಯ ಮಗಳಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ. "ಯಾಕ? ನಮಗೇನು ಕೈ ಸೋಲ್ತಾವೇನು?" ಅನ್ನುತ್ತಾಳೆ.

"ಹೊಡಿತೀನ್ರಿ ಸರ್" ಅಂದೆ. ನನಗೆ ನಲವತ್ತೆಂಟು ವರ್ಷ.

ಕೋಚ್ ಸರ್ ಒಂದು ಚಿಕ್ಕ ತಟ್ಟೆಯಲ್ಲಿ 30 ಪೆಲೆಟ್ ಎಣಿಸಿ ಇಟ್ಟರು. ಹೆಸರು, ವಿಳಾಸ ಬರೆಸಿಕೊಂಡು ಸಹಿ ಹಾಕಿಸಿದರು. ನನಗೆ ಲೈಸೆನ್ಸ್ ಯೋಚನೆ ಬಂತು. 4.5 ಮಿಲಿಮೀಟರ್ ಅಳತೆಯ, 20 ಜೌಲ್ ಶಕ್ತಿ ಮೀರದ ಗಾಳಿ ಬಂದೂಕಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ ಅಂದರು. ಮೊದಲ ಇಪ್ಪತ್ತು ಗುಂಡು ಸ್ಟ್ಯಾಂಡ್ ಮೇಲೆ ಬಂದೂಕು ಇಟ್ಟು ಹೊಡೆಯಬೇಕು. ಆಮೇಲೆ ಕೈಯಲ್ಲಿ.

ಕೆನ್ನೆ ಇಟ್ಟು ಕಣ್ಣು ಹಾಯಿಸಿದೆ. ಕಣ್ಣಿನ ಹತ್ತಿರ ಒಂದು ಸೂಜಿಮೊನೆಯಷ್ಟು ಕಿಂಡಿ. ಅದರ ಮೂಲಕ ನೋಡಿದರೆ ಕೊಳವೆಯ ತುದಿಯಲ್ಲಿ ಒಂದು ಉಂಗುರ. ಆ ಉಂಗುರದೊಳಗೆ ಕಾರ್ಡಿನ ಕಪ್ಪು ಬೊಟ್ಟು. ಕಪ್ಪು ಬೊಟ್ಟಿನ ಸುತ್ತ ಒಂದು ಸಮ ಬಿಳಿ ಅಂಚು ಉಳಿಯಬೇಕು, ಚಂದ್ರನ ಸುತ್ತ ಕಣ ಕಟ್ಟಿದ ಹಾಗೆ. ಬೊಟ್ಟನ್ನು ನೋಡಬ್ಯಾಡ್ರಿ, ಉಂಗುರ ನೋಡ್ರಿ ಅಂದರು. ಗುರಿ ಮಂಜಾಗಿ ಕಂಡರೂ ಚಿಂತೆಯಿಲ್ಲ, ಉಂಗುರ ಸ್ಪಷ್ಟ ಇರಬೇಕು. ಇದು ನನಗೆ ತಿರುಗಾಮುರುಗಾ ಅನ್ನಿಸಿತು. ಗುರಿ ಇಡುವುದು ಅಂದರೆ ಗುರಿಯನ್ನು ದಿಟ್ಟಿಸುವುದು ಅಂತಲೇ ಇಷ್ಟು ದಿನ ತಿಳಿದಿದ್ದೆ. ಕಣ್ಣು ಒಂದೇ ಹೊತ್ತಿಗೆ ಹತ್ತಿರದ್ದನ್ನೂ ದೂರದ್ದನ್ನೂ ಸ್ಪಷ್ಟ ನೋಡಲಾರದು. ಎರಡರಲ್ಲಿ ಒಂದನ್ನು ಬಿಡಬೇಕು. ಬಿಡಬೇಕಾದದ್ದು ದೂರದ್ದನ್ನು. ಯಾಕಂದರೆ ಕಿಂಡಿಗೂ ಉಂಗುರಕ್ಕೂ ನಡುವೆ ಸುಮಾರು ಮುಕ್ಕಾಲು ಮೀಟರ್, ಗುರಿ ಇರುವುದು 10 ಮೀಟರ್ ಆಚೆ. ಉಂಗುರ ಒಂದು ಕೂದಲೆಳೆ ಪಕ್ಕಕ್ಕೆ ಹೋದರೆ ಕಾರ್ಡಿನ ಮೇಲೆ ಅದು 13 ಪಟ್ಟು ಆಗುತ್ತದೆ.

ಆಮೇಲೆ ಕಂಡದ್ದನ್ನು ನಾನು ಮರೆಯಲಾರೆ. ಉಂಗುರ ಮಿಡಿಯುತ್ತಿತ್ತು. ಬಂದೂಕು ಸ್ಟ್ಯಾಂಡ್ ಮೇಲೆ ಇದೆ, ನಾನು ಅಲುಗುತ್ತಿಲ್ಲ, ಆದರೂ ಉಂಗುರ ಸಣ್ಣಗೆ ಜಿಗಿಯುತ್ತಿತ್ತು. ಒಂದು, ಬಿಟ್ಟು, ಮತ್ತೊಂದು. ನನ್ನದೇ ಎದೆ ಬಡಿತ. ಭುಜದಿಂದ, ಕೆನ್ನೆಯಿಂದ ಹರಿದು ಬಂದೂಕಿನ ತುದಿಗೆ ಬಂದು ಕಾಣುತ್ತಿತ್ತು. ಡಾಕ್ಟರ ಕಿವಿಗೆ ಕೇಳುವುದನ್ನು ನಾನು ಕಣ್ಣಿಂದ ನೋಡುತ್ತಿದ್ದೆ.

"ಉಸುರು ಒಳಗ ತಗೋರಿ. ಬಿಡ್ರಿ. ಅರ್ಧ ಬಿಟ್ಟ ಮ್ಯಾಲ ಹಂಗ ನಿಂದ್ರಿ. ಈಗ ಬೆರಳು. ಒತ್ತಬ್ಯಾಡ್ರಿ, ಹಿಂಡ್ರಿ."

ನಮ್ಮ ಓಣಿಯಲ್ಲಿ ಒಬ್ಬ ಹುಡುಗ ಹಿಂದೂಸ್ತಾನಿ ಗಾಯನ ಕಲಿಯುತ್ತಾನೆ. ಮುಂಜಾನೆ ಐದೂವರೆಗೆ ಎದ್ದು ಅರ್ಧ ತಾಸು ಬರೀ ಕೆಳಗಿನ 'ಸಾ' ಹಿಡಿಯುತ್ತಾನೆ. ಮೊದಮೊದಲು ದನಿ ಅಲುಗುತ್ತಿತ್ತು. ಒಂದು ವರ್ಷದ ಮೇಲೆ ಈಗ ಅದು ನಿಂತ ನೀರಿನಂತೆ ನಿಲ್ಲುತ್ತದೆ. ಉಸಿರಿನ ಅದೇ ಜಾಗ ಇದು ಅನ್ನಿಸಿತು. ಒಳಗೆ ತೆಗೆದುಕೊಂಡದ್ದೂ ಅಲ್ಲ, ಪೂರ್ತಿ ಬಿಟ್ಟದ್ದೂ ಅಲ್ಲ. ಆ ನಿಲುಗಡೆ ಏಳೆಂಟು ಸೆಕೆಂಡು ಮಾತ್ರ ಚೆನ್ನಾಗಿರುತ್ತದೆ. ಆಮೇಲೆ ಮೈಗೆ ಗಾಳಿ ಬೇಕಾಗುತ್ತದೆ, ಕಣ್ಣು ಮಸುಕಾಗುತ್ತದೆ. ಕಪ್ಪು ಬೊಟ್ಟು ಸರಿಯಾಗಿ ನಡುವೆ ಇರುವಂತೆಯೇ ಕಾಣುತ್ತದೆ, ಆದರೆ ಅದು ಕಣ್ಣಿಗೆ ಅಂಟಿದ ಹಳೆಯ ಚಿತ್ರ. ಅಂಥ ಹೊತ್ತಲ್ಲಿ ಹೊಡೆದರೆ ಗುಂಡು ಎಲ್ಲೋ ಹೋಗುತ್ತದೆ.

ನಾನು ಹಾಗೇ ಹೊಡೆದೆ. ಹನ್ನೆರಡು, ಹದಿಮೂರು ಸೆಕೆಂಡು ಹಿಡಿದು, ಇಷ್ಟು ಹೊತ್ತು ಕಾದದ್ದು ದಂಡ ಆಗಬಾರದು ಅಂತ ಹೊಡೆದೆ. ಕಾರ್ಡು ಬಂದಾಗ ತೂತು ಕಪ್ಪಿನ ಹೊರಗೆ, ಬಿಳಿಯಲ್ಲಿತ್ತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಬಂದೂಕು ಹಿಡಿದು ನಿಂತಾಗ ಕೋಚ್ ಸರ್ ಮೆಲ್ಲಗೆ, ಕಿವಿಯ ಹತ್ತಿರ ಹೇಳಿದರು: "ಹೊಡಿಬ್ಯಾಡ್ರಿ ಅಕ್ಕಾರ. ಕೆಳಗ ಇಳಸ್ರಿ."

ಆ ಮಾತು ಕೇಳಿ ನನಗೆ ಅಜ್ಜ ನೆನಪಾದ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದೆ. ಶೇಂಗಾ ಕಾಯಿ ಕಟ್ಟುವ ಕಾಲ. ರಾತ್ರಿ ಹಂದಿಗಳು ಬಂದು ಸಾಲಿಗೆ ಸಾಲೇ ಕೆದರಿಬಿಡುತ್ತಿದ್ದವು. ಹಗಲು ಚಿಗರಿಗಳ ಕಾಟ. ಚಿಗರಿ ಅಂದರೆ ಬಸ್ಸಲ್ಲ, ಕೃಷ್ಣಮೃಗ. ನಮ್ಮ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಅವುಗಳಿಗಾಗಿಯೇ 1974ರಲ್ಲಿ ಅಭಯಾರಣ್ಯ ಮಾಡಿದ್ದಾರೆ. ಅಜ್ಜ ಚಿಗರಿಗೆ ಎಂದೂ ಬಂದೂಕು ಎತ್ತಿದವನಲ್ಲ, ಕೈ ಚಪ್ಪಾಳೆ ಹೊಡೆದು ಓಡಿಸುತ್ತಿದ್ದ. ಹಂದಿಗೆ ಮಾತ್ರ ಮದ್ದು ತುಂಬಿ ಆಕಾಶಕ್ಕೆ ಸದ್ದು ಮಾಡುತ್ತಿದ್ದ. ಒಂದು ರಾತ್ರಿ ನಾನೂ ಹಠ ಮಾಡಿ ಹೊಲಕ್ಕೆ ಹೋದೆ. ಬೇವಿನ ಮರಕ್ಕೆ ಕಟ್ಟಿದ ಮಂಚಿಕೆ ಮೇಲೆ ಕಂಬಳಿ ಹೊದ್ದು ಕೂತಿದ್ದೆವು. ನಡುರಾತ್ರಿ ದಾಟಿದ ಮೇಲೆ ಬದುವಿನ ಆ ಕಡೆ ಸರಸರ ಸದ್ದು. ಅಜ್ಜ ಬಂದೂಕು ಎತ್ತಿದ. ಆ ರಾತ್ರಿ ಆಕಾಶಕ್ಕಲ್ಲ, ಸದ್ದಿನ ಕಡೆಗೆ ಹಿಡಿದ. ಹಿಂದಿನ ದಿನ ಅರ್ಧ ಎಕರೆ ಹಾಳಾಗಿತ್ತು, ಅವನಿಗೆ ಹೊಟ್ಟೆ ಉರಿದಿತ್ತು. ಒಳಗೆ ಬರೀ ಮದ್ದಿತ್ತೋ ಗುಂಡೂ ಇತ್ತೋ ನಾನು ಕೇಳಲಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ಕಣ್ಣನ್ನೂ ಮುಚ್ಚಿದೆ. ಸದ್ದು ಬರಲಿಲ್ಲ. ಕಣ್ಣು ತೆರೆದರೆ ಅಜ್ಜ ಇನ್ನೂ ಹಾಗೇ ಕೂತಿದ್ದಾನೆ. ಆಮೇಲೆ ಮೆಲ್ಲಗೆ ಬಂದೂಕು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡ.

"ಯಾಕಜ್ಜಾ?"

"ಹಿಂದ ಏನೈತಿ ಕಾಣವಲ್ದು. ಯಾರರ ಹೊಲಾ ಕಾಯಾಕ ಬಂದಿದ್ರ?"

ಅಷ್ಟೇ ಹೇಳಿದ್ದು. ಹಲ್ಲಿನಲ್ಲಿ ಸಣ್ಣಗೆ ಸೀಟಿ ಹಾಕಿದ. ಡಬ್ಬಿ ಬಡಿದ. ಹಂದಿಗಳು ಓಡಿದವು. ಎಷ್ಟೋ ಶೇಂಗಾ ಹೋಯಿತು. ನನಗೆ ಆ ರಾತ್ರಿ ನಿರಾಸೆಯಾಗಿತ್ತು, ಅದೂ ನೆನಪಿದೆ. ಬಂದೂಕಿನ ಸದ್ದು ಹತ್ತಿರದಿಂದ ಕೇಳುವ ಆಸೆಯಿತ್ತು. ಹುಬ್ಬಳ್ಳಿಯ ರೇಂಜ್‌ನಲ್ಲಿ ಗೋಡೆಯ ಮೇಲೆ ಅಂಟಿಸಿದ ನಿಯಮಗಳಲ್ಲಿ ಅದೇ ಮಾತು ನಾಲ್ಕನೆಯದಾಗಿ ಬರೆದಿದ್ದರು. ಗುರಿಯ ಹಿಂದೆ ಏನಿದೆ ಅಂತ ತಿಳಿಯದೆ ಹೊಡೆಯಬೇಡಿ. ಇಲ್ಲಿ ಕಾರ್ಡಿನ ಹಿಂದೆ ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಗಟ್ಟಿ ಗೋಡೆ. ಅಜ್ಜನಿಗೆ ಕತ್ತಲು ಮಾತ್ರ ಇತ್ತು.

ಎಲೆಕ್ಷನ್ ಬಂದಾಗಲೆಲ್ಲ ಆ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕಿತ್ತು. ಈಗಲೂ ಆ ರೂಢಿ ಇದೆ. ಅಜ್ಜ ಅದನ್ನು ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದ. ರಸೀದಿ ತಂದು ಬಸವಣ್ಣನ ಫೋಟೋ ಹಿಂದೆ ಸಿಗಿಸುತ್ತಿದ್ದ. ಆಮೇಲೆ ಅದು ವಾಪಸ್ ಬರುವವರೆಗೆ ಖಾಲಿ ಗೂಟ ನೋಡುತ್ತ ಕೂರುತ್ತಿದ್ದ. ಆಯುಧ ಒಪ್ಪಿಸಿರಿ ಅಂದ ಕಂಪನಿ ಸರ್ಕಾರದ ಮೇಲೆ 1857ರಲ್ಲಿ ಮುಧೋಳ ಸೀಮೆಯ ಹಲಗಲಿ ಬೇಡರು ತಿರುಗಿಬಿದ್ದದ್ದನ್ನು ಶಾಲೆಯಲ್ಲಿ ಓದುವಾಗ ನನಗೆ ಕಣ್ಣಮುಂದೆ ಬರುತ್ತಿದ್ದದ್ದು ಆ ಖಾಲಿ ಗೂಟಗಳೇ. ಅಜ್ಜ ಹೋದ ಮೇಲೆ ಲೈಸೆನ್ಸ್ ಯಾರೂ ಹೆಸರಿಗೆ ಮಾಡಿಸಿಕೊಳ್ಳಲಿಲ್ಲ. ಕಾಕಾ ಬಂದೂಕನ್ನು ಠಾಣೆಗೆ ಕೊಟ್ಟುಬಿಟ್ಟರು. ಗಜ ಒಂದು ಮನೆಯಲ್ಲೇ ಉಳಿಯಿತು. ಅದನ್ನು ಕಾಕು ಕೊಟ್ಟಿಗೆಯ ಬಾಗಿಲಿಗೆ ಅಗಳಿ ಮಾಡಿಕೊಂಡಿದ್ದಾರೆ. ಆ ಶೇಂಗಾ ಹೊಲದಲ್ಲಿ ಈಗ ಗೋವಿನಜೋಳ.

ಮೂರನೇ ಗುಂಡಿಗೆ ಬಂದೂಕು ಇಳಿಸಿದೆ. ಕೈ ಸಡಿಲ ಬಿಟ್ಟೆ. ಮತ್ತೆ ಎತ್ತಿದೆ. ಐದನೇ ಸೆಕೆಂಡಿಗೆ ಉಂಗುರ ತಾನಾಗಿ ನಿಂತ ಹಾಗಾಯಿತು. ಬೆರಳು ಹಿಂಡಿದೆ. ಯಾವಾಗ ಸಿಡಿಯಿತು ಅಂತ ನನಗೇ ಗೊತ್ತಾಗಲಿಲ್ಲ. ಗೊತ್ತಾಗಬಾರದು, ಅದೇ ಸರಿ ಅಂದರು ಕೋಚ್ ಸರ್. ಗೊತ್ತಾದರೆ ಮೈ ಮೊದಲೇ ಬೆಚ್ಚುತ್ತದೆ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ. ಗುರಿ ತಲುಪಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಆದರೆ ಅದು ಕೊಳವೆಯೊಳಗೆ ಇರುವಾಗಲೇ ನಾವು ಅಲುಗಿದರೆ ಮುಗಿಯಿತು. ಅದಕ್ಕೇ ಹೊಡೆದ ಮೇಲೂ ನಿಲ್ಲಬೇಕು. ಕಾರ್ಡು ಬಂತು. ಒಂಬತ್ತು.

ನಮ್ಮ ಕಡೆ ಗುರಿಕಾರರ ಕಥೆಗಳಿಗೇನೂ ಬರವಿಲ್ಲ. ಕಿತ್ತೂರಿನ ಕಥೆ ಕೇಳದ ಮಗು ಧಾರವಾಡ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಬಿದ್ದದ್ದು ಅಮಟೂರು ಬಾಳಪ್ಪನ ಗುಂಡಿಗೆ ಅಂತ ಹೇಳುತ್ತಾರೆ. ಥ್ಯಾಕರೆಯ ಗೋರಿ ಧಾರವಾಡದಲ್ಲೇ ಇದೆ. ಶಾಲೆಯ ನಾಟಕದಲ್ಲಿ ಬಾಳಪ್ಪ ಬಂದೂಕು ಎತ್ತುತ್ತಾನೆ, ಪಟಾಕಿ ಸಿಡಿಯುತ್ತದೆ, ಥ್ಯಾಕರೆ ಬೀಳುತ್ತಾನೆ, ನಾವು ಚಪ್ಪಾಳೆ. ಎಲ್ಲ ಒಂದೇ ಗಳಿಗೆಯಲ್ಲಿ. ಈಗ ಅನ್ನಿಸುತ್ತದೆ, ಆ ಗಲಾಟೆಯಲ್ಲಿ, ಕುದುರೆ, ಹೊಗೆ, ಕೂಗಿನ ನಡುವೆ ಬಾಳಪ್ಪ ಎಷ್ಟು ಹೊತ್ತು ಕಾದಿರಬೇಕು? ಎಷ್ಟು ಸಲ ಎತ್ತಿ ಇಳಿಸಿರಬೇಕು? ಕಾದದ್ದನ್ನು ಯಾವ ನಾಟಕದಲ್ಲೂ ತೋರಿಸುವುದಿಲ್ಲ. ಆ ಕಾಯುವಿಕೆಯೇ ಅವನ ನಿಜವಾದ ಗಟ್ಟಿತನ ಅಂತ ನನಗೆ ಈ ರವಿವಾರದ ಮೇಲೆ ಖಾತ್ರಿಯಾಗಿದೆ.

ಟಿವಿಯಲ್ಲೂ ಅಷ್ಟೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಾಗ ನಾವು ನೋಡಿದ್ದು ಕೊನೆಯ ಗುಂಡಿನ 10.8 ಮಾತ್ರ. ಹತ್ತರ ಉಂಗುರವನ್ನೂ ಮತ್ತೆ ಹತ್ತು ಪಾಲು ಮಾಡಿ ಎಣಿಸುತ್ತಾರೆ, 10.9ಕ್ಕಿಂತ ಮೇಲೆ ಅಂಕವೇ ಇಲ್ಲ. ಆ ಗುಂಡಿಗೆ ಮೊದಲು ಅವರೂ ಫಿನ್ಲೆಂಡಿನ ಹಕ್ಕಿನೆನ್ ಅವರೂ ಸಮಸಮ ಇದ್ದರು. ಟೋಕಿಯೊದಲ್ಲಿ ಪಿಸ್ತೂಲು ಕೆಟ್ಟು ಫೈನಲ್‌ಗೆ ಹೋಗಲಾಗದೆ ಬಂದ ಮನು ಭಾಕರ್ ಮೂರು ವರ್ಷ ಕಾದು 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ತಂದರು. ಶೂಟಿಂಗ್‌ನಲ್ಲಿ ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಹೆಣ್ಣುಮಗಳು. ನಮ್ಮ ಹುಡುಗಿ ಹಠ ಹಿಡಿದದ್ದು ಅದನ್ನು ನೋಡಿಯೇ. ನಾನು ಹುಬ್ಬಳ್ಳಿಯಲ್ಲಿ ರೈಲ್ವೆ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನನಗೆ ಆ ವಾರ ಹೆಚ್ಚು ಹತ್ತಿರವಾದವರು ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ. 50 ಮೀಟರ್ ರೈಫಲ್, ಮೂರು ಭಂಗಿ. ಮೊಣಕಾಲೂರಿ, ಮಲಗಿ, ನಿಂತು. ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ಆಗಸ್ಟ್ 1ರಂದು ಅವರಿಗೆ ಕಂಚು ಬಂದಾಗ ನಮ್ಮ ಸೆಕ್ಷನ್‌ನಲ್ಲಿ ಧಾರವಾಡ ಪೇಢೆ ಹಂಚಿದೆವು. ನಮ್ಮವರೇ ಗೆದ್ದರು ಅಂತ ಎಲ್ಲರಿಗೂ ಅನ್ನಿಸಿತ್ತು.

ಕೊನೆಯ ಹತ್ತು ಗುಂಡು ಸ್ಟ್ಯಾಂಡ್ ಇಲ್ಲದೆ ಹೊಡೆದೆ. ನಾಲ್ಕೂವರೆ ಕಿಲೋ ಬಂದೂಕು. ಹುಡುಗಿ ಬಂದು ನನ್ನ ಸೊಂಟ ಹಿಡಿದು ತಿರುಗಿಸಿ, ಮೊಣಕೈ ಸರಿ ಮಾಡಿದಳು. "ದೊಡ್ಡವ್ವಾ, ಕೊಡ ಹೊತ್ತಂಗ ನಿಂದ್ರು" ಅಂದಳು. ಅವಳು ಕೊಡ ಹೊತ್ತವಳಲ್ಲ, ನಾನು ಹೊತ್ತಿದ್ದೇನೆ. ನಿಂತೆ. ಎದೆ ಬಡಿತ ಈಗ ಜಿಗಿತವಲ್ಲ, ತೂಗುತೊಟ್ಟಿಲು. ಉಂಗುರ ಕಪ್ಪು ಬೊಟ್ಟಿನ ಮೇಲೆ ಬಂದು, ಹೋಗಿ, ಮತ್ತೆ ಬಂದು. ಎತ್ತಿದೆ, ಇಳಿಸಿದೆ. ಒಂದೊಂದು ಗುಂಡಿಗೆ ಐದು ಸಲ, ಆರು ಸಲ. ಪಕ್ಕದ ಮೇಜಿನ ಹುಡುಗರು ನನಗಿಂತ ಬೇಗ ಮುಗಿಸಿ ಕಾರ್ಡು ಎಣಿಸುತ್ತಿದ್ದರು. ನನಗೆ ಅವಸರ ಅನ್ನಿಸಲಿಲ್ಲ. ಯಾವುದಕ್ಕೂ ಅವಸರ ಅನ್ನಿಸದ ಹೀಗೊಂದು ತಾಸು ನನಗೆ ಎಷ್ಟು ವರ್ಷದ ಮೇಲೆ ಸಿಕ್ಕಿತ್ತೋ. ಮನೆ, ಆಫೀಸು, ಫೋನು, ಯಾವುದೂ ಆ ಕಿಂಡಿಯೊಳಗೆ ಹಿಡಿಸುವುದಿಲ್ಲ.

ಒಂಬತ್ತು ಗುಂಡು ಆದವು. ಎರಡು ಬಿಳಿಯಲ್ಲಿ, ಆರು ಕಪ್ಪಿನಲ್ಲಿ. ಒಂದರ ತೂತು ಚುಕ್ಕೆಯ ಬಿಳಿಯನ್ನು ಬರೀ ಅಂಚಿನಿಂದ ನುಂಗಿತ್ತು. ಹುಡುಗಿ ಕಾರ್ಡನ್ನು ದೀಪಕ್ಕೆ ಹಿಡಿದು ನೋಡಿ, ಕೋಚ್ ಸರ್‌ಗೂ ತೋರಿಸಿ, ಅವರು ತಲೆ ಆಡಿಸಿದ ಮೇಲೆ ಕೂಗಿದಳು. ರೇಂಜ್‌ನಲ್ಲಿ ಕೂಗಬಾರದು. ಅವರು ಬೈಯಲಿಲ್ಲ.

ತಟ್ಟೆಯಲ್ಲಿ ಒಂದು ಪೆಲೆಟ್ ಉಳಿದಿತ್ತು. ಕೈಗೆ ತೆಗೆದುಕೊಂಡೆ. ನಡು ಸಣ್ಣ, ಕೆಳಗೆ ಲಂಗದ ಹಾಗೆ ಅಗಲ, ಡಮರುಗದ ಆಕಾರ. ಸೀಸದ ಕಪ್ಪು ಬೆರಳಿಗೆ ಹತ್ತಿತು. ಬಂದೂಕು ಖಾಲಿ ಇರುವಾಗಲೇ ಒಮ್ಮೆ ಎತ್ತಿ ನೋಡಿದೆ. ಎಡ ಮುಂಗೈ ಒಳಗಿನಿಂದ ನಡುಗುತ್ತಿತ್ತು. ಇನ್ನೊಮ್ಮೆ ಎತ್ತಿದೆ, ಅದೇ. ಇಳಿಸಿದೆ.

"ಒಂದ ಉಳದೈತಲ್ರಿ ಅಕ್ಕಾರ" ಅಂದರು ಕೋಚ್ ಸರ್.

"ಕೈ ಸೋತಾವ್ರಿ. ಬ್ಯಾಡ್ರಿ."

ಅವರು ಅಂಗೈ ಚಾಚಿದರು. ಪೆಲೆಟ್ ಅದರ ಮೇಲೆ ಇಟ್ಟೆ. ಡಬ್ಬಿಯ ಮುಚ್ಚಳ ತೆರೆದು ಒಳಗೆ ಹಾಕಿ, "ಮುಂದಿನ ರವಿವಾರ ಇದರಿಂದನ ಚಾಲೂ ಮಾಡೋಣ್ರಿ" ಅಂದರು. "ಈಗ ಇಬ್ರೂ ಸಾಬಾಣ ಹಚ್ಚಿ ಕೈ ತೊಳ್ಕೋರಿ. ಸೀಸ ಮುಟ್ಟಿದ ಕೈಲೆ ಗಿರ್ಮಿಟ್ ತಿನ್ನಾಕ ಹೋಗಬ್ಯಾಡ್ರಿ."